ಇಂಡಿಯ ಮನೆಯ ಅಕ್ಕಿ ಡಬ್ಬಿ

ಇಂಡಿಯಲ್ಲಿ ನಾವು ಕಟ್ಟಿಸಿದ ಮನೆಯಲ್ಲಿ ನಾವು ಮಲಗಿದ್ದು ಒಂದೇ ರಾತ್ರಿ, ಹಾಲು ಉಕ್ಕಿಸಿದ ದಿನ. ಅದೂ ಹಾಲ್‌ನಲ್ಲಿ ಜಮಖಾನೆ ಹಾಸಿ, ಬಂದ ನೆಂಟರ ಕಾಲುಗಳ ನಡುವೆ ಜಾಗ ಮಾಡಿಕೊಂಡು. ನನ್ನ ಗಂಡನ ರಜೆ ಮುಗಿಯುತ್ತಿತ್ತು. ಮಸ್ಕತ್ತಿಗೆ ವಾಪಸ್ ಹೊರಡುವ ಗಡಿಬಿಡಿಯಲ್ಲೇ ಮನೆಯನ್ನು ಬಾಡಿಗೆಗೆ ಕೊಟ್ಟೆವು. ಹೊಸ ಮನೆ ಖಾಲಿ ಬಿಟ್ಟರೆ ಹಲ್ಲಿ, ಇಲಿ ಸೇರಿಕೊಳ್ಳುತ್ತವೆ ಎಂದು ನನ್ನ ಅತ್ತೆ ಹೇಳಿದ್ದರು. ಆಗ ಅವರು ಇನ್ನೂ ಇದ್ದರು.

ಬಾಡಿಗೆಗೆ ಬಂದವರು ಚಡಚಣದ ಕಡೆಯವರು, ನಮ್ಮ ಪೈಕಿಯವರೇ. ಗಂಡ ಇಂಡಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ, ಹೆಂಡತಿ, ಒಬ್ಬಳೇ ಮಗಳು. ನಮ್ಮವರು ಅಂದ ಮೇಲೆ ಮುಗಿಯಿತಲ್ಲ, ಯಾರೂ ಹೆಚ್ಚು ವಿಚಾರಿಸಲಿಲ್ಲ. ಆದರೆ ಕರಾರು ಪತ್ರ ಮಾತ್ರ ನನ್ನ ಗಂಡ ಕಟ್ಟುನಿಟ್ಟಾಗಿ ಬರೆಸಿದರು. ಮೂರು ವರ್ಷ, ನಡುವೆ ಯಾರೂ ಬಿಡುವಂತಿಲ್ಲ, ಬಿಡಿಸುವಂತಿಲ್ಲ. ಬರೆಯುತ್ತಿದ್ದ ವಕೀಲರು, ಹನ್ನೊಂದು ತಿಂಗಳಿಗೆ ಮಾಡಿಸಿದರೆ ಸಾಕಲ್ಲ ಎಂದರು. ನಾವು ಅಲ್ಲಿ ಕೂತಿರುವಾಗ ಇವರು ಇಲ್ಲಿ ಹೇಳದೆ ಕೇಳದೆ ಬೀಗ ಹಾಕಿ ಹೋದರೆ ಏನು ಗತಿ ಎಂದು ನನ್ನ ಗಂಡ ಹಟ ಹಿಡಿದರು. ತಾವು ಬಹಳ ಶಾಣ್ಯಾ ಎಂಬ ನಂಬಿಕೆ ಅವರಿಗೆ ಮೊದಲಿನಿಂದಲೂ ಇತ್ತು.

ಕರಾರಿನ ಅರ್ಧ ದಾರಿಯಲ್ಲಿ ಮಸ್ಕತ್ತಿನ ಕೆಲಸ ಹೋಯಿತು. ನನ್ನ ಗಂಡ ಒಂದು ಕಂಪನಿಯ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಉಗ್ರಾಣವನ್ನೇ ಮುಚ್ಚಿದರು, ಇವರ ವೀಸಾ ರದ್ದಾಯಿತು. ಅಲ್ಲಿಯ ಬಾಡಿಗೆ ಮನೆಯ ಅವಧಿಯೂ ಇನ್ನೂ ಉಳಿದಿತ್ತು. ಅದನ್ನು ನಡುವೆ ಬಿಟ್ಟರೆ ಮಾಲೀಕ ಏನು ರಂಪ ಮಾಡುತ್ತಾನೋ ಎಂದು ನಾವಿಬ್ಬರೂ ನಿದ್ದೆಗೆಟ್ಟಿದ್ದೆವು. ಅವನು ಬಂದ. ಅವನ ಭಾಷೆ ನಮಗೆ ಬಾರದು, ನಮ್ಮದು ಅವನಿಗೆ ಬಾರದು. ಅಡುಗೆಮನೆ ನೋಡಿದ, ನಲ್ಲಿ ತಿರುಗಿಸಿದ, ಕೀಲಿ ಇಸಿದುಕೊಂಡ. ಹೊರಡುವಾಗ ನನ್ನ ಗಂಡನ ಭುಜ ತಟ್ಟಿ ನನ್ನ ಮಗಳ ಕೈಗೆ ಒಂದು ಪೊಟ್ಟಣ ಖರ್ಜೂರ ಕೊಟ್ಟ. ಪರದೇಶದ ಮನೆ ಅಷ್ಟು ಸಲೀಸಾಗಿ ನಮ್ಮನ್ನು ಬಿಟ್ಟುಕೊಟ್ಟಿತು. ನಮ್ಮ ಸ್ವಂತದ್ದು ಬಿಟ್ಟುಕೊಡಲಿಲ್ಲ.

ಊರಿಗೆ ಬಂದು ಸಿಂದಗಿಯಲ್ಲಿ ಇಳಿದೆವು, ನನ್ನ ಭಾವನ ಮನೆಯಲ್ಲಿ. ರಜೆಗೆ ಬಂದಿದ್ದೇವೆ ಎಂದೇ ಎಲ್ಲರಿಗೂ ಹೇಳಿದೆವು. ಕಾರಣ ಇತ್ತು. ಮಗಳಿಗೆ ಮುದ್ದೇಬಿಹಾಳದ ಒಂದು ಸಂಬಂಧ ಬಹುತೇಕ ಕೂಡಿಬಂದಿತ್ತು. ಹುಡುಗನದು ಬೀಜ, ಗೊಬ್ಬರದ ಅಂಗಡಿ. ಹಿಂದಿನ ರಜೆಯಲ್ಲಿ ಬಸವನ ಬಾಗೇವಾಡಿಯಲ್ಲಿ ನನ್ನ ಅಣ್ಣನ ಮನೆಯ ಮದುವೆಯಲ್ಲಿ ಇವಳನ್ನು ನೋಡಿ ಅವನೇ ಕೇಳಿಸಿದ್ದ. ಆಮೇಲೆ ಇಬ್ಬರೂ ಫೋನಿನಲ್ಲಿ ಮಾತಾಡತೊಡಗಿದರು. ನನ್ನ ಮಗಳು ಬಹಳ ಮಾತಿನವಳಲ್ಲ. ಫೋನ್ ಹಿಡಿದು ಬಾಲ್ಕನಿಗೆ ಹೋದರೆ ಮಾತ್ರ ಅವಳ ನಗು ಅಡುಗೆಮನೆಯವರೆಗೆ ಕೇಳಿಸುತ್ತಿತ್ತು. ಆ ಸಂಬಂಧ ಆಗಲೇಬೇಕೆಂದು ನಾನು ಬಯಸಿದ್ದು ಹುಡುಗನ ಅಂಗಡಿ ನೋಡಿ ಅಲ್ಲ, ಆ ನಗುವಿಗಾಗಿ.

ಸಿಂದಗಿಯ ಮನೆಯಲ್ಲಿ ಮೊದಲ ಕೆಲವು ದಿನ ಚಹಾದ ಜೊತೆ ಚೂಡಾ ಬಂತು. ಆಮೇಲೆ ಬರೀ ಚಹಾ ಬಂತು. ಆಮೇಲೆ ಚಹಾ ನಾವೇ ಮಾಡಿಕೊಂಡೆವು. ನನ್ನ ನೆಗೆಣ್ಣಿ, ಅಂದರೆ ಭಾವನ ಹೆಂಡತಿ, ಬಾಯಲ್ಲಿ ಬೆಣ್ಣೆ ಇಟ್ಟುಕೊಂಡೇ ಕೊಯ್ಯುವವಳು. ಒಂದು ದಿನ ರೊಟ್ಟಿ ಬಡಿಯುತ್ತ ನನ್ನ ಮುಖ ನೋಡದೆ ಕೇಳಿದಳು:

"ಈ ಸಲ ರಜಾ ಭಾಳ ಉದ್ದ ಕೊಟ್ಟಾರಲ್ಲವಾ ನಿಮ್ಮ ಕಂಪನ್ಯಾಗ. ಭಾಳ ಚಲೋ ಮಂದಿ ಬಿಡು."

"ಹೌದಕ್ಕಾ," ಅಂದೆ.

"ನಿನ್ನ ಗಂಡನ ಕೈಗಡಿಯಾರ ಇನ್ನೂ ಮಸ್ಕತ್ತಿನ ಟೈಮ್ ತೋರಸ್ತೈತಿ. ನಮ್ಮ ಮನಿಯಾಗ ಮಧ್ಯಾಹ್ನದ ಊಟದ ಹೊತ್ತು ಮಾತ್ರ ಸಿಂದಗಿ ಟೈಮಿಗೇ ಬರ್ತಾನ."

ಅವಳ ಮಕ್ಕಳು ನಕ್ಕರು. ಗಡಿಯಾರದ ಮಾತು ಸುಳ್ಳಲ್ಲ. ನನ್ನ ಗಂಡ ಅದರ ಮುಳ್ಳು ತಿರುಗಿಸಿರಲಿಲ್ಲ. ಕಟ್ಟೆಯ ಮೇಲೆ ಕೂತು ಅದನ್ನೇ ನೋಡುತ್ತ, ಈಗ ಅಲ್ಲಿ ಗಾಡಿ ಲೋಡ್ ಆಗುವ ಹೊತ್ತು ಎನ್ನುತ್ತಿದ್ದರು. ಮುಚ್ಚಿದ ಉಗ್ರಾಣದಲ್ಲಿ ಯಾವ ಗಾಡಿ ಲೋಡ್ ಆಗುತ್ತಿತ್ತೋ ದೇವರಿಗೇ ಗೊತ್ತು. ನನಗೆ ಅವರ ಮೇಲೆ ಮರುಕ ಬರಬೇಕಿತ್ತು, ಸಿಟ್ಟು ಬರುತ್ತಿತ್ತು.

ಅಷ್ಟರಲ್ಲಿ ಮುದ್ದೇಬಿಹಾಳದಿಂದ ಹೇಳಿಕಳಿಸಿದರು. ಹುಡುಗನ ತಾಯಿ ಇಂಡಿಗೆ ಬಂದು ಮನೆ ನೋಡಬೇಕಂತೆ. ಒಪ್ಪಿಗೆಯಾದರೆ ಅಲ್ಲೇ ಹುಡುಗಿಯ ಹಣೆಗೆ ಕುಂಕುಮವಿಟ್ಟು ಮಾತು ಮುಗಿಸಿ ಹೋಗುವುದಂತೆ. ಬಾಗೇವಾಡಿಯಲ್ಲಿ ನನ್ನ ತವರಿನಲ್ಲೇ ಮಾಡೋಣ ಎಂದು ಅಣ್ಣನಿಂದ ಕೇಳಿಸಿದೆ. ಹುಡುಗಿಯ ಸ್ವಂತ ಮನೆಯಲ್ಲೇ ಆಗಬೇಕು, ಮಸ್ಕತ್ತಿನವರು ಕಟ್ಟಿಸಿದ ಮನೆಯನ್ನು ನಾವೂ ಕಣ್ಣಿಂದ ನೋಡಬೇಡವೇ ಎಂದು ಉತ್ತರ ಬಂತು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಮನೆಗೆ ನಾವು ಹೋಗಬೇಕಿತ್ತು, ಅಷ್ಟೇ.

ನಾನೂ ನನ್ನ ಗಂಡನೂ ಇಂಡಿಗೆ ಹೋದೆವು. ಗೇಟಿನ ಪಕ್ಕ ನಾನು ನೆಟ್ಟು ಹೋಗಿದ್ದ ಲಿಂಬೆ ಗಿಡ ಆಳೆತ್ತರ ಬೆಳೆದು ಕಾಯಿ ಹಿಡಿದಿತ್ತು. ಒಳಗೆ ಹೋದ ಕೂಡಲೇ ಗುಮಾಸ್ತನ ಹೆಂಡತಿ ಬಂದು, ಬರ್ರಿ ಅಕ್ಕಾರ, ಕೂಡ್ರಿ ಎಂದಳು. ನಾನು ಆರಿಸಿ ತಂದ ಫರಸಿ ಕಲ್ಲಿನ ನೆಲದ ಮೇಲೆ ಅವಳ ಕುರ್ಚಿ, ಅದರ ಮೇಲೆ ನಾನು. ಲಿಂಬೆ ಶರಬತ್ತು ಕೊಟ್ಟಳು. ನಮ್ಮ ಗಿಡದ್ದೇ ಕಾಯಿ, ರುಚಿಯಾಗಿಯೇ ಇತ್ತು.

ನನ್ನ ಗಂಡ ಗಂಟಲು ಸರಿಮಾಡಿಕೊಂಡು ವಿಷಯಕ್ಕೆ ಬಂದರು. ಕೆಲಸ ಹೋದದ್ದನ್ನೂ ಹೇಳಿದರು. ಬಿಟ್ಟುಕೊಡಬೇಕಾದವರಿಗೆ ನಿಜ ಹೇಳಿದರೆ ಮನಸ್ಸು ಕರಗುತ್ತದೆ ಎಂದು ಅವರ ಲೆಕ್ಕ. ಗುಮಾಸ್ತ ಪೂರ್ತಿ ಕೇಳಿಸಿಕೊಂಡ. ಚಚ್ಚಚ್ಚ ಎಂದ. ಎದ್ದು ಒಳಗೆ ಹೋಗಿ ಕರಾರು ಪತ್ರ ತಂದು, ಕನ್ನಡಕ ಏರಿಸಿ, ನನ್ನ ಗಂಡನೇ ಬರೆಸಿದ ಸಾಲನ್ನು ನನ್ನ ಗಂಡನಿಗೇ ಓದಿ ಹೇಳಿದ.

"ಇದು ನಿಮ್ಮ ಮಾತೇ ಐತ್ರಿ ಸಾವ್ಕಾರ್ರ. ವಕೀಲರು ಅಂದು ಹನ್ನೊಂದು ತಿಂಗಳ ಸಾಕ್ರಿ ಅಂದಿದ್ರು. ನೀವು ಕೇಳಲಿಲ್ಲ."

"ಅಂದಿನ ಪರಿಸ್ಥಿತಿ ಬ್ಯಾರೆ ಇತ್ರಿ."

"ಪರಿಸ್ಥಿತಿ ನಮಗೂ ಐತ್ರಿ. ನಂಗೂ ಒಬ್ಬಾಕಿ ಮಗಳದಾಳ. ಇಂಥಾ ಮನಿಯಾಗ ಇದ್ದೇವಂತನ ನಾಕು ಮಂದಿ ಹುಡಿಗಿ ಕೇಳ್ಕೊಂಡು ಬರಾಕತ್ತಾರ. ಚಡಚಣದಾಗ ನಮ್ಮದು ಹಳೀ ತಗಡಿನ ಮನಿ. ಆಕಿ ಮದಿವಿ ಆಗೂಮಟ ನಾವು ಇಲ್ಲಿಂದ ಅಳಗಾಡೂದಿಲ್ರಿ. ತಪ್ಪು ತಿಳ್ಕೋಬ್ಯಾಡ್ರಿ."

ತಪ್ಪು ತಿಳಿದುಕೊಳ್ಳಲು ಅದರಲ್ಲೇನೂ ಉಳಿದಿರಲಿಲ್ಲ. ನನ್ನ ಮನೆ ತೋರಿಸಿ ಅವನು ತನ್ನ ಮಗಳಿಗೆ ಗಂಡು ಹುಡುಕುತ್ತಿದ್ದ. ನನ್ನ ಮನೆ ತೋರಿಸಲಾಗದೆ ನಾನು ನನ್ನ ಮಗಳ ಗಂಡನ್ನು ಕಳೆದುಕೊಳ್ಳುವುದರಲ್ಲಿದ್ದೆ. ನನ್ನ ಗಂಡ ನೆಲ ನೋಡುತ್ತ ಕೂತರು. ಕೊನೆಗೆ ನಾನೇ ಬಾಯಿಬಿಟ್ಟೆ. ಬಿಡುವುದು ಬೇಡ, ಒಂದೇ ದಿನ, ಗಂಡಿನವರು ಬಂದು ಹೋಗುವವರೆಗೆ ಮನೆ ಕೊಡಿ ಎಂದು ಬೇಡಿದೆ. ನನ್ನ ಮನೆಯನ್ನೇ ನಾನು ಕೈಯೊಡ್ಡಿ ಕೇಳಿದೆ.

ಗುಮಾಸ್ತ ಛಾವಣಿ ನೋಡಿದ. ಅವನ ಹೆಂಡತಿಯೇ ದಾರಿ ತೋರಿಸಿದಳು.

"ಅಯ್ಯ, ಅದಕ್ಕೇನ್ರಿ ಅಕ್ಕಾರ, ಬರ್ರಿ. ಸಾಮಾನಷ್ಟೂ ಎಲ್ಲಿ ಹೊತ್ಕೊಂಡ್ ಹೋಗೂದು, ನಾವೂ ಇಲ್ಲೇ ಇರ್ತೇವಿ. ನಾ ನಿಮ್ಮ ತಂಗಿ ಅಂತ ಹೇಳ್ರಿ. ನಮ್ಮನ್ನ ಮನಿ ನೋಡ್ಕೊಳ್ಳಾಕ ಇಟ್ಟೇವಿ ಅನ್ರಿ. ಹೆಂಗೂ ಒಂದ ಪೈಕಿಯವರು."

ಅಷ್ಟು ಬೇಗ ಒಪ್ಪಿದ್ದು ಕಂಡು ನನಗೆ ಅಳು ಬಂತು. ಹೊರಡುವಾಗ ಅವಳು, ತಡೀರಿ, ಉಡಿ ತುಂಬ್ತೇನಿ ಎಂದು ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದಳು. ನಮ್ಮ ಕಡೆ ಮನೆಗೆ ಬಂದ ಮುತ್ತೈದೆಯನ್ನು ಬರಿ ಸೆರಗಿನಲ್ಲಿ ಕಳಿಸುವುದಿಲ್ಲ. ಕುಂಕುಮ ಹಚ್ಚಿ, ಸೆರಗಿಗೆ ಅಕ್ಕಿ, ಉತ್ತತ್ತಿ, ಅರಿಷಿಣ ಕೊಂಬು, ಒಂದು ಖಣ ಹಾಕುತ್ತಾರೆ. ಆ ಅಕ್ಕಿ ಮನೆಯ ಡಬ್ಬಿಯದೇ ಆಗಿರಬೇಕು, ಮನೆಯೊಡತಿಯ ಕೈಯಿಂದಲೇ ಬರಬೇಕು, ಇದು ನನ್ನ ಅತ್ತೆ ಬಹಳ ಪಾಲಿಸುತ್ತಿದ್ದ ಪದ್ಧತಿ. ಗುಮಾಸ್ತನ ಹೆಂಡತಿ ಒಳಗೆ ಹೋಗಿ ಬೊಗಸೆ ಅಕ್ಕಿ ತಂದಳು. ನಾನು ನನ್ನ ಹೊಸ್ತಿಲಲ್ಲಿ ನಿಂತು ಸೆರಗೊಡ್ಡಿದೆ. ಬಸ್ಸಿನಲ್ಲಿ ಸಿಂದಗಿಯವರೆಗೆ ಆ ಅಕ್ಕಿಯ ಗಂಟು ತೊಡೆಯ ಮೇಲೆ ಭಾರವಾಗಿ ಕೂತಿತ್ತು.

ಗಂಡಿನವರು ಬರುವ ದಿನ ನಾವು ಬೆಳಗ್ಗೆಯೇ ಇಂಡಿ ಸೇರಿದೆವು. ಗೋಡೆಯ ಮೇಲಿದ್ದ ಗುಮಾಸ್ತನ ಮದುವೆಯ ಫೋಟೊ ತೆಗೆದು ನಮ್ಮ ಅತ್ತೆಯ ಫೋಟೊ ತೂಗುಹಾಕಿದೆವು. ಮೊಳೆ ಅದೇ ಸಾಕಾಯಿತು. ಮಗಳು ಹಸಿರು ಇಳಕಲ್ ಸೀರೆ ಉಟ್ಟು ಒಳಕೋಣೆಯಲ್ಲಿ ಕೂತಳು. ನೆಗೆಣ್ಣಿಯನ್ನು ಬೇಕೆಂದೇ ಕರೆದಿರಲಿಲ್ಲ. ನನ್ನ ಅಣ್ಣ ಬಾಗೇವಾಡಿಯಿಂದ ಬಂದಿದ್ದ. ಗುಮಾಸ್ತನ ಹೆಂಡತಿ ಶಿರಾ ಮಾಡಿದಳು, ಅವಳ ಮಗಳು ಉಪ್ಪಿಟ್ಟು ಮಾಡಿದಳು. ನಾನು ಮಾಡುತ್ತೇನೆ ಎಂದು ಎದ್ದರೆ, ನೀವು ಇವತ್ತು ಆರಾಮ್ ಕೂಡ್ರಿ, ನಿಮಗ ಒಲಿ ಹೊಂದೂದಿಲ್ಲ ಎಂದು ಕೂರಿಸಿದಳು. ನಾನೂ ಕೂತೆ. ನೆಂಟರು ಬಂದಾಗ ಮುಖ ಬೆವತಿರಬಾರದು ಎಂಬ ಹುಚ್ಚು ಯೋಚನೆಯಲ್ಲಿ ಅಡುಗೆಮನೆಗೆ ಕಾಲಿಡಲಿಲ್ಲ.

ಕ್ರೂಸರ್ ಗಾಡಿಯ ತುಂಬ ಬಂದರು. ಹುಡುಗನ ತಾಯಿ ದಪ್ಪ ಶರೀರದ, ಕಡಿಮೆ ಮಾತಿನ ಹೆಂಗಸು. ಕೂತಲ್ಲಿಂದಲೇ ಕಿಟಕಿ, ಫ್ಯಾನು, ಗೋಡೆಯ ಬಣ್ಣ ಎಲ್ಲ ನೋಡಿದಳು. ಮನೆ ಮೆಚ್ಚಿಗೆಯಾಯಿತು ಎಂದು ಮುಖವೇ ಹೇಳುತ್ತಿತ್ತು. ಬೀಗರ, ಬೀಗರ ಎಂದು ನನ್ನನ್ನು ಆಗಲೇ ಕರೆಯತೊಡಗಿದ್ದಳು. ಹುಡುಗ ಒಳಕೋಣೆಯ ಬಾಗಿಲ ಕಡೆ ಕಳ್ಳನೋಟ ಹಾಯಿಸುತ್ತಿದ್ದ. ತಟ್ಟೆ ಹೊತ್ತು ಗುಮಾಸ್ತನ ಮಗಳು ಬಂದಳು. ಆ ಹುಡುಗಿಯೂ ಲಕ್ಷಣವಾಗಿದ್ದಳು, ತಲೆ ತಗ್ಗಿಸಿ ಎಲ್ಲರಿಗೂ ಕೊಟ್ಟು ಹೋದಳು.

"ಇಕಿ ಯಾರ್ರಿ?" ಹುಡುಗನ ತಾಯಿ ಕೇಳಿದಳು.

"ನಮ್ಮ ತಂಗಿ ಮಗಳ್ರಿ," ಅಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಮನೆಯಲ್ಲಿ ಇವರೇಕಿದ್ದಾರೆ ಎಂಬ ಅನುಮಾನ ಬಾರದಿರಲೆಂದು ಇನ್ನಷ್ಟು ಹಚ್ಚಿದೆ. "ಬಂಗಾರದಂಥಾ ಮಂದಿರಿ. ನಾವು ಅಲ್ಲಿದ್ದಾಗ ಈ ಮನಿ ಕಾಯ್ದವರ ಇವರು."

ಮಾತುಕತೆ ಸರಾಗವಾಗಿ ನಡೆಯಿತು. ಮಗಳನ್ನು ಕರೆದು ಕೂರಿಸಿದರು. ಹುಡುಗನ ತಾಯಿ ಅವಳ ಗಲ್ಲ ಹಿಡಿದು ನೋಡಿ ನಕ್ಕಳು. ಕುಂಕುಮದ ಭರಣಿ ಕೈಗೆ ತೆಗೆದುಕೊಂಡಳು. ಆಮೇಲೆ ಹಾಗೇ ಹಿಡಿದುಕೊಂಡು, ಜೊತೆಗೆ ಬಂದ ಹೆಂಗಸರಿಗೆ ಹೊತ್ತಾಗುತ್ತದೆ, ನೀವು ಉಡಿ ತುಂಬುವ ತಯಾರಿ ಮಾಡಿಕೊಳ್ಳಿ, ಎರಡೂ ಒಟ್ಟಿಗೇ ಮುಗಿಸೋಣ ಎಂದಳು. ಖಣ, ಉತ್ತತ್ತಿ, ಕೊಬ್ಬರಿ ಎಲ್ಲ ನಾನು ಸಿಂದಗಿಯಿಂದಲೇ ಜೋಡಿಸಿ ತಂದಿದ್ದೆ. ಅಕ್ಕಿ ತಂದಿರಲಿಲ್ಲ. ಮನೆಯ ಡಬ್ಬಿಯದೇ ಆಗಬೇಕಲ್ಲ.

ಮೊರ ಹಿಡಿದು ಅಡುಗೆಮನೆಗೆ ಹೋದೆ. ಕಟ್ಟೆಯ ಮೇಲೆ ಸಾಲಾಗಿ ಸ್ಟೀಲ್ ಡಬ್ಬಿಗಳು. ಒಂದನ್ನು ತೆರೆದೆ, ಜೋಳದ ಹಿಟ್ಟು. ಇನ್ನೊಂದರಲ್ಲಿ ಸಕ್ಕರೆ. ಮತ್ತೊಂದರಲ್ಲಿ ಅವಲಕ್ಕಿ. ಮೇಲಿನ ಕಪಾಟು ತೆರೆದೆ, ಹಪ್ಪಳ. ಕೆಳಗಿನದು ತೆರೆದೆ, ಈರುಳ್ಳಿ ಬುಟ್ಟಿ. ಗುಮಾಸ್ತನ ಹೆಂಡತಿ ಹೊರಗೆ ಚಹಾ ಕೊಡುತ್ತಿದ್ದಳು. ಕೂಗಿ ಕೇಳುವಂತಿರಲಿಲ್ಲ. ಕೈ ಜಾರಿ ಒಂದು ಮುಚ್ಚಳ ನೆಲಕ್ಕೆ ಬಿದ್ದು ಗಿರಗಿರನೆ ತಿರುಗಿತು. ಆ ಸದ್ದಿಗೆ ಹಿತ್ತಲಲ್ಲಿ ತಟ್ಟೆ ತೊಳೆಯುತ್ತಿದ್ದ ಗುಮಾಸ್ತನ ಮಗಳು ಒಳಗೆ ಬಂದಳು. ಬಾಗಿಲ ಹಿಂದೆ ಕೈಹಾಕಿ, ಅಲ್ಲಿದ್ದ ದೊಡ್ಡ ತಗಡಿನ ಡಬ್ಬಿಯನ್ನು ಎಳೆದಳು.

"ಇಲ್ಲೈತ್ರಿ ದೊಡ್ಡವ್ವಾ, ಅಕ್ಕಿ."

ತಲೆ ಎತ್ತಿದೆ. ಅಡುಗೆಮನೆಯ ಬಾಗಿಲಲ್ಲಿ ಹುಡುಗನ ತಾಯಿ ನಿಂತಿದ್ದಳು. ಯಾವಾಗ ಬಂದಳೋ ತಿಳಿಯದು. ತೆರೆದುಬಿದ್ದ ಡಬ್ಬಿಗಳನ್ನೆಲ್ಲ ಒಂದೊಂದಾಗಿ ನೋಡಿದಳು. ನನ್ನನ್ನು ನೋಡಿದಳು. ಆಮೇಲೆ ಆ ಹುಡುಗಿಯನ್ನು.

"ಎಲ್ಲಾ ಇಕಿನ ನೋಡ್ಕೊಳ್ತಾಳ ಕಾಣಸ್ತೈತಿ," ಎಂದಳು. ನಾನು ನಗಲು ನೋಡಿದೆ.

ಉಡಿ ತುಂಬಿದೆ. ಅಕ್ಕಿ ಅವಳ ಸೆರಗಿಗೆ ಬಿತ್ತು. ಕುಂಕುಮದ ಭರಣಿಯನ್ನು ಅವಳು ಮೆಲ್ಲಗೆ ತಟ್ಟೆಯಲ್ಲಿ ವಾಪಸ್ ಇಟ್ಟಳು. "ಊರಿಗೆ ಹೋಗಿ ಹೇಳಿಕಳಸ್ತೇವ್ರಿ ಅಕ್ಕಾರ," ಎಂದಳು. ಬೀಗರ ಹೋಗಿ ಅಕ್ಕಾರ ಆಗಿದ್ದೆ. ನಮ್ಮ ಕಡೆ ಹೇಳಿಕಳಿಸುತ್ತೇವೆ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ನನ್ನ ಮಗಳಿಗೂ ಗೊತ್ತಿತ್ತು. ಬರಿ ಹಣೆಯಲ್ಲಿ ಅವಳು ಹಾಗೇ ಕೂತಿದ್ದಳು, ಕ್ರೂಸರ್ ಸದ್ದು ದೂರವಾಗುವವರೆಗೆ.

ಕಾರಣ ಆಮೇಲೆ ಅಣ್ಣನ ಮೂಲಕ ತಿಳಿಯಿತು. ಕೆಲಸ ಹೋದದ್ದು ಅವರಿಗೆ ಗೊತ್ತಾಗಿರಲಿಲ್ಲ. ಮನೆ ಬಾಡಿಗೆಗೆ ಕೊಟ್ಟದ್ದೂ ಗೊತ್ತಾಗಿರಲಿಲ್ಲ. ನಮ್ಮ ಸುಳ್ಳು ಗಟ್ಟಿಯಾಗಿಯೇ ನಿಂತಿತ್ತು. ತನ್ನ ಮನೆಯ ಅಕ್ಕಿ ಎಲ್ಲಿದೆಯೆಂದು ಗೊತ್ತಿಲ್ಲದ ಹೆಂಗಸು, ಎಲ್ಲವನ್ನೂ ತಂಗಿಯ ಮೇಲೆ ಹಾಕಿ ಕಾಲು ಚಾಚಿ ಕೂರುವವಳು, ಅವಳ ಮಗಳು ನಮ್ಮ ಮನೆಗೆ ಬಂದು ಏನು ಸಂಸಾರ ಮಾಡಿಯಾಳು ಎಂದಿದ್ದಳಂತೆ ಹುಡುಗನ ತಾಯಿ. ಹದಿನೆಂಟನೇ ವಯಸ್ಸಿನಿಂದ ಒಲೆಯ ಮುಂದೆ ಬೆಂದವಳು ನಾನು. ಅದು ನನ್ನ ಅಡುಗೆಮನೆ ಅಲ್ಲ, ಬಾಡಿಗೆದಾರರದು ಎಂದು ಒಂದು ಮಾತು ಹೇಳಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಮನೆಯ ಮಾನ ಹೋಗುತ್ತಿತ್ತು. ಹೋದ ಕೆಲಸದ ಸುದ್ದಿಯೂ ಅದರ ಬೆನ್ನಿಗೇ ಹೊರಬರುತ್ತಿತ್ತು. ಯಾವ ಕಡೆ ತಿರುಗಿದರೂ ಮಗಳಿಗೆ ದಾರಿ ಇರಲಿಲ್ಲ.

"ಅವನರ ಏನಂದ?" ಎಂದು ಮಗಳನ್ನು ಕೇಳಿದೆ.

"ನಮ್ಮವ್ವ ಹೇಳಿದಂಗ ಅಂದ," ಎಂದಳು. ಫೋನನ್ನು ಮಗ್ಗುಲಲ್ಲಿ ಬೋರಲು ಇಟ್ಟುಕೊಂಡಿದ್ದಳು.

ಕೆಲವೇ ದಿನಗಳಲ್ಲಿ ಗುಮಾಸ್ತ ಸಿಂದಗಿಗೆ ಬಂದ. ಕೈಯಲ್ಲಿ ಒಂದು ಚೀಲ ಲಿಂಬೆಹಣ್ಣು, ನಮ್ಮ ಗಿಡದ್ದು. ಭಾವ ಮತ್ತು ನೆಗೆಣ್ಣಿ ಹೊಲಕ್ಕೆ ಹೋಗಿದ್ದರು. ನನ್ನ ಗಂಡ, ನಾನು, ಮಗಳು ಮೂವರೇ ಇದ್ದೆವು. ಅವನು ಮಗಳ ಮುಖ ನೋಡಲಿಲ್ಲ, ಅಷ್ಟು ನಾಚಿಕೆಯಾದರೂ ಇತ್ತು. ಮುದ್ದೇಬಿಹಾಳದವರು ತನ್ನ ಮಗಳನ್ನು ಕೇಳಿದ್ದಾರೆ ಎಂದ.

ಅವನೇ ಮುಂದುವರಿಸಿದ.

"ನಾವಾಗೇ ಹೋಗಿಲ್ರಿ ಅವರ ಕಡೆ. ದೇವರಾಣಿ. ಅವರ ಹೇಳಿಕಳಿಸ್ಯಾರ. ಆ ಹುಡುಗನ ತಾಯಿ ಇವತ್ತ ನಾಳೆ ನಿಮಗ ಫೋನ್ ಮಾಡ್ತಾಳ, ನಿಮ್ಮ ತಂಗಿ ಮಂದಿ ಹೆಂಗದಾರ ಅಂತ ಕೇಳಾಕ. ನೀವು ಅವತ್ತ ಹೇಳಿದ್ದನ್ನ ಒಂದೀಟ ಮತ್ತ ಹೇಳ್ರಿ. ಅಲ್ಲ ಅಂದ್ರ ನಾವೂ ಸುಳ್ಳಾಗ್ತೇವಿ, ನೀವೂ ಸುಳ್ಳಾಗ್ತೀರಿ."

"ಹೇಳಲಿಲ್ಲಂದ್ರ?" ನಾನು ಕೇಳಿದೆ.

ಅವನು ಅಂಗಿಯ ಒಳಜೇಬಿನಿಂದ ಕರಾರು ಪತ್ರ ತೆಗೆದು ಕಟ್ಟೆಯ ಮೇಲಿಟ್ಟ. ಮಡಿಕೆ ಬಿದ್ದು ಮೆತ್ತಗಾಗಿತ್ತು. "ಹೇಳಿದ್ರ, ಮದಿವಿ ಆದ ಕೂಡ್ಲೇ ಇದನ್ನ ನಿಮ್ಮ ಮುಂದ ಹರೀತೇನ್ರಿ. ಮನಿ ಬಿಟ್ಟು ಚಡಚಣಕ್ಕ ಹೋಗ್ತೇನಿ. ದಿನಾ ಬಸ್ಸಿಗೆ ಓಡಾಡ್ತೇನಿ. ನಮಗ ಇನ್ನೇನ್ ಬೇಕಾಗೈತ್ರಿ ಆ ಮನಿ."

ಅವನ ಕಪಾಳಕ್ಕೆ ಹೊಡೆಯಬೇಕೆನಿಸಿತು. ಹೊಡೆಯಬೇಕಾದ ತಪ್ಪನ್ನು ಅವನು ಮಾಡಿದ್ದಾನೆಯೇ ಎಂದು ಹುಡುಕಿದರೆ ಸಿಗುತ್ತಿರಲಿಲ್ಲ, ಅದಕ್ಕೇ ಇನ್ನೂ ಉರಿಯುತ್ತಿತ್ತು. ನನ್ನ ಗಂಡ ಕರಾರು ಪತ್ರವನ್ನು ಎತ್ತಿಕೊಂಡು ತಮ್ಮ ಸಹಿಯನ್ನು ನೋಡುತ್ತಿದ್ದರು. ಆ ಕಣ್ಣುಗಳಲ್ಲಿ ಆಸೆ ಕಂಡಿತು. ಮಗಳು ಎದುರಿಗೇ ಇದ್ದಳು, ಅವಳೆದುರೇ ಆ ಆಸೆ ಕಂಡಿತು. ನಾನು ಆ ಕ್ಷಣ ಗಂಡನನ್ನು ದ್ವೇಷಿಸಿದೆ. ನನಗೂ ಆ ಮನೆ ಬೇಕಿತ್ತು, ಅದನ್ನೂ ಹೇಳಿಬಿಡುತ್ತೇನೆ. ಸಿಂದಗಿಯ ರೊಟ್ಟಿ ಗಂಟಲಲ್ಲಿ ಇಳಿಯದಷ್ಟು ಬೇಕಿತ್ತು.

ಫೋನ್ ಬಂತು. ಬೇಳೆ ಆರಿಸುತ್ತಿದ್ದೆ, ಮಗಳು ಎದುರು ಕೂತು ಅದೇ ಕೆಲಸ ಮಾಡುತ್ತಿದ್ದಳು. ಕುಶಲ ಸಮಾಚಾರ ಆದ ಮೇಲೆ ಹುಡುಗನ ತಾಯಿ ಕೇಳಿದಳು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ನಿಮ್ಮ ತಂಗಿಯ ಮಗಳು ಹೇಗೆ, ಮನೆತನ ಹೇಗೆ. ನಾನು ಹಾಂ, ಹಾಂ ಎಂದೆ. ಮಗಳಿಗೆ ಯಾರ ಫೋನ್ ಎಂದು ಗೊತ್ತಾಯಿತು. ಬೇಳೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ನಾನ್ರಿ, ಮಗಳು ಮಾತಾಡೂದು," ಎಂದಳು. "ಹೌದ್ರಿ, ನನ್ನ ತಂಗಿ ಆಗಬೇಕು. ಭಾಳ ಚಲೋ ಹುಡುಗಿ ಐತ್ರಿ. ಅಡಗಿ, ಮನಿಗೆಲಸ ಎಲ್ಲಾ ಬರ್ತೈತಿ. ನನಗಿಂತ ಚಲೋ. ಮಾಡ್ಕೊಳ್ರಿ."

ಫೋನ್ ಇಟ್ಟು ಬೇಳೆಯಲ್ಲಿದ್ದ ಒಂದು ಕಲ್ಲನ್ನು ಆರಿಸಿ ಎಸೆದಳು. ನಾನು ಅವಳ ಕೈ ಹಿಡಿಯಲು ಹೋದೆ. ಬಿಡಿಸಿಕೊಂಡಳು.

"ನಿಮಗ ಮನಿ ಬೇಕಾಗಿತ್ತಲ್ಲ," ಎಂದಳು. "ತಗೋರಿ."

ನನ್ನ ಮಗಳು ನನಗೆ ಬಹುವಚನ ಹಚ್ಚಿದ್ದು ಅದೇ ಮೊದಲು.

ಗುಮಾಸ್ತನ ಮಗಳ ನಿಶ್ಚಯ ನಮ್ಮ ಇಂಡಿಯ ಮನೆಯಲ್ಲೇ ಆಯಿತು. ದೊಡ್ಡವ್ವ ಇಲ್ಲದೆ ನಡೆಯುವಂತಿರಲಿಲ್ಲ, ಹೋದೆ. ಮಗಳು ಬರಲಿಲ್ಲ. ಅದೇ ಕ್ರೂಸರ್, ಅದೇ ಮಂದಿ. ನಾನು ಮಗಳಿಗೆಂದು ತೆಗೆದಿಟ್ಟ ಜಾಗದಲ್ಲಿ, ಪೂರ್ವದ ಕಿಟಕಿಯ ಕೆಳಗೆ, ಆ ಹುಡುಗಿ ಕೂತಳು. ಹುಡುಗ ತಲೆ ಎತ್ತಲಿಲ್ಲ. ಅವನ ತಾಯಿ ಈ ಸಲ ಕುಂಕುಮವನ್ನು ತಡಮಾಡದೆ ಇಟ್ಟಳು. ಹಿರಿಯ ಮುತ್ತೈದೆ ನೀವೇ, ಉಡಿ ನೀವೇ ತುಂಬಿ ಎಂದು ಎಲ್ಲರೂ ನನಗೇ ಹೇಳಿದರು. ನಾನು ಏಳುತ್ತಿದ್ದಾಗ ಹುಡುಗನ ತಾಯಿ ಪಕ್ಕದವಳಿಗೆ ಕೇಳುವಂತೆ ನಗೆಯಾಡಿದಳು:

"ಈಗರ ಗೊತ್ತೈತೇನ್ರಿ ಅಕ್ಕಿ ಎಲ್ಲೈತಿ ಅಂತ?"

ಎಲ್ಲರೂ ನಕ್ಕರು. ಗುಮಾಸ್ತನ ಹೆಂಡತಿಯೂ ನಕ್ಕಳು, ನಕ್ಕ ಮೇಲೆ ನನ್ನ ಕಡೆ ನೋಡಿ ನಾಲಿಗೆ ಕಚ್ಚಿಕೊಂಡಳು. ನಾನು ಅಡುಗೆಮನೆಗೆ ನೇರ ಹೋಗಿ ಬಾಗಿಲ ಹಿಂದಿನ ಡಬ್ಬಿಯಿಂದ ಅಕ್ಕಿ ತಂದೆ. ಹುಡುಗನ ತಾಯಿಯ ಸೆರಗು ಹರಿಯುವಷ್ಟು ತುಂಬಿದೆ. ಸಾಕ್ರಿ, ಸಾಕ್ರಿ ಎನ್ನುವವರೆಗೂ ತುಂಬಿದೆ.

ಮದುವೆಯಾದ ಮೇಲೆ ಗುಮಾಸ್ತ ಮಾತಿಗೆ ತಪ್ಪಲಿಲ್ಲ. ನಮ್ಮೆದುರಿಗೇ ಕರಾರು ಪತ್ರ ಹರಿದ. ಸಾಮಾನು ತುಂಬಿದ ಟೆಂಪೊದ ಮುಂದೆ ಅವನ ಹೆಂಡತಿ ನನ್ನನ್ನು ತಬ್ಬಿಕೊಂಡು ಅತ್ತಳು, ನಿಮ್ಮ ಉಪಕಾರ ಸಾಯೂಮಟ ಮರಿಯಂಗಿಲ್ರಿ ಅಕ್ಕಾರ ಎಂದಳು. ಅವಳ ಅಳು ನಿಜವಾದದ್ದೇ. ಅವಳಿಗೆ ಉಡಿ ತುಂಬಿ ಕಳಿಸಿದೆ, ನಮ್ಮ ಡಬ್ಬಿಯ ಅಕ್ಕಿಯಿಂದ. ಅವರು ಹೋದ ಮೇಲೆ ಅಡುಗೆಮನೆಯ ಬಾಗಿಲ ಹಿಂದೆ ಫರಸಿಯ ಮೇಲೆ ತಗಡಿನ ಡಬ್ಬಿಯ ಕಿಲುಬಿನ ಗುಂಡನೆಯ ಕಲೆ ಉಳಿದಿತ್ತು. ಲಿಂಬೆಹಣ್ಣು ಹಿಂಡಿ ಉಜ್ಜಿದೆ. ಪೂರ್ತಿ ಹೋಗಲಿಲ್ಲ. ನನ್ನ ಅಕ್ಕಿ ಡಬ್ಬಿಯನ್ನು ಅಲ್ಲಿಡಲು ಮನಸ್ಸಾಗದೆ ಮೇಲಿನ ಕಪಾಟಿನ ಮೂಲೆಗೆ ಏರಿಸಿದೆ.

ನನ್ನ ಗಂಡ ಈಗ ಇಂಡಿಯ ಒಂದು ಲಿಂಬೆ ವ್ಯಾಪಾರದವರ ಗೋದಾಮಿನಲ್ಲಿ ಚೀಲ ಎಣಿಸುತ್ತಾರೆ. ಗಡಿಯಾರ ಬಿಚ್ಚಿ ಟ್ರಂಕಿನಲ್ಲಿಟ್ಟಿದ್ದಾರೆ. ಮಗಳು ನಮ್ಮ ಜೊತೆ ಇಂಡಿಗೆ ಬರಲಿಲ್ಲ. ಬಸವನ ಬಾಗೇವಾಡಿಯಲ್ಲಿ ನನ್ನ ಅಣ್ಣನ ಮನೆಯಲ್ಲಿದ್ದುಕೊಂಡು ಅಲ್ಲಿಯ ಒಂದು ಕನ್ನಡ ಸಾಲೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತಾಳೆ. ಎರಡು ಸಂಬಂಧ ಬಂದಿದ್ದವು. ಒಂದೆಡೆ ಮುದ್ದೇಬಿಹಾಳದವರು ಬಿಟ್ಟ ಹುಡುಗಿಯಲ್ಲವೇ ಎಂದರು. ಇನ್ನೊಂದೆಡೆ ಅವಳೇ ಬೇಡ ಎಂದಳು.

ದೀಪಾವಳಿಗೆ ಒಮ್ಮೆ ಬಂದಳು. ಚಪ್ಪಲಿಯನ್ನು ನೆಂಟರ ಹಾಗೆ ಗೇಟಿನ ಹೊರಗೇ ಬಿಟ್ಟಳು. ನನಗೆ ತಲೆನೋವಿತ್ತು, ಅನ್ನಕ್ಕೆ ನಾನಿಡುತ್ತೇನೆ ಎಂದು ಅಡುಗೆಮನೆಗೆ ಹೋದಳು. ನಾನು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ. ಅವಳು ಬಾಗಿಲ ಹಿಂದೆ ನೋಡಿದಳು, ಅಲ್ಲಿ ಡಬ್ಬಿ ಇರಲಿಲ್ಲ. ಒಂದು ಡಬ್ಬಿ ತೆರೆದಳು, ಇನ್ನೊಂದು ತೆರೆದಳು, ಮತ್ತೊಂದು ತೆರೆದಳು.

"ಅಕ್ಕಿ ಎಲ್ಲಿಟ್ಟೀರಿ?"

"ಮ್ಯಾಲಿನ ಕಪಾಟಿನಾಗ, ಮೂಲ್ಯಾಗ," ಎಂದೆ. "ಕೆಳಗಿಡ್ತೇನಿ ತಡಿ. ಎಲ್ಲರಿಗೂ ಕೈಗೆ ಸಿಗೂ ಹಂಗ."

ಅವಳು ತೆರೆದ ಡಬ್ಬಿಗಳ ಮುಚ್ಚಳಗಳನ್ನು ಒಂದಾದ ಮೇಲೊಂದು ಹಾಕಿದಳು.

"ಇರ್ಲಿ ಬಿಡ್ರಿ," ಎಂದಳು. "ಈಗ ಯಾರು ನೋಡಾಕ ಬರ್ತಾರ."